ಮೂವತ್ತೊಂದನೇ ತಾರೀಕಿನ ಸಹಿ

ನನಗೆ ಕೆಮ್ಮು ಇರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಎರಡು ವರ್ಷ ನಾನು ಕೆಮ್ಮಿನ ಔಷಧಿ ಕುಡಿದೆ. ಮೊದಮೊದಲು ಎರಡು ಚಮಚ, ಆಮೇಲೆ ಬಾಟಲಿಯ ಮುಚ್ಚಳದ ಅಳತೆ, ಆಮೇಲೆ ಅಳತೆಯ ಉಸಾಬರಿಯೇ ಬೇಡವೆಂದು ನೇರವಾಗಿ ಬಾಟಲಿಯಿಂದ. ಕೆಮ್ಮಿಲ್ಲದವನು ಕೆಮ್ಮಿನ ಔಷಧಿ ಕುಡಿದರೆ ನೋಡಿದವರು ಏನಂದುಕೊಂಡಾರು? ಹಾಗಾಗಿ ಕೆಮ್ಮುತ್ತಿದ್ದೆ. ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತುವಾಗ ಎರಡು ಸಲ, ಮನೆಯ ಬಾಗಿಲು ತೆರೆಯುವಾಗ ಒಂದು ಸಲ. ಒಂದೇ ಅಂಗಡಿಗೆ ದಿನವೂ ಹೋದರೆ ಅನುಮಾನ ಬರುತ್ತದೆಂದು ಮೂರು ಅಂಗಡಿ ಹಿಡಿದಿದ್ದೆ. ಮೂರನೇ ಅಂಗಡಿಯಾತ ಒಳ್ಳೆಯ ಮನುಷ್ಯ. 'ಇನ್ನೂ ಹೋಗಿಲ್ವಾ ಸಾರ್ ಕೆಮ್ಮು, ಒಂದು ಎಕ್ಸ್-ರೇ ತೆಗೆಸಿಬಿಡಿ' ಎಂದು ಕಳಕಳಿಯಿಂದ ಹೇಳಿದ. ಅವನ ಕಾಳಜಿ ತಾಳಲಾರದೆ ನಾಲ್ಕನೇ ಅಂಗಡಿಗೆ ಹೋದೆ.

ನನ್ನ ಕೆಲಸ ಟವರ್ ಕ್ರೇನ್ ನಡೆಸುವುದು. ಎತ್ತರದ ಕಟ್ಟಡ ಕಟ್ಟುವಾಗ ಅದರ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಂತಿರುತ್ತದಲ್ಲ, ಅದು. ಅದರ ತುದಿಯಲ್ಲಿ ಗಾಜಿನ ಪುಟ್ಟ ಕ್ಯಾಬಿನ್, ಒಂದು ಕುರ್ಚಿ, ಎರಡು ಲಿವರ್. ಬೆಳಿಗ್ಗೆ ಎಂಟಕ್ಕೆ ಏಣಿ ಹತ್ತಿದರೆ ಸಂಜೆ ಆರಕ್ಕೆ ಇಳಿಯುವುದು. ಸೈಟಿನವರು ನನ್ನನ್ನು 'ಮೇಲಿನವರು' ಎನ್ನುತ್ತಿದ್ದರು. ಸಿಮೆಂಟು ಯಾವಾಗ ಬರುತ್ತೆ ಎಂದರೆ 'ಮೇಲಿನವರು ಮನಸ್ಸು ಮಾಡಬೇಕು' ಎಂದು ಉತ್ತರ ಬರುತ್ತಿತ್ತು. ಹದಿನೇಳು ವರ್ಷ ಈ ಮಾತು ಕೇಳಿದವನಿಗೆ ಸ್ವಲ್ಪ ತಲೆ ತಿರುಗುವುದು ಸಹಜ.

ಹತ್ತುವ ಮೊದಲು ಒಂದು ಶಾಸ್ತ್ರವಿದೆ. ಕೆಳಗಿನ ಆಫೀಸಿನ ಗೋಡೆಗೆ ಒಂದು ಹಾಳೆ ತೂಗುಹಾಕಿರುತ್ತಾರೆ. 'ಇಂದು ನಾನು ದೇಹದಿಂದಲೂ ಮನಸ್ಸಿನಿಂದಲೂ ಕೆಲಸಕ್ಕೆ ಯೋಗ್ಯನಿದ್ದೇನೆ, ನಿದ್ದೆ ಸರಿಯಾಗಿ ಆಗಿದೆ, ಯಾವ ಅಮಲೂ ಇಲ್ಲ' ಎಂದು ಮೇಲೆ ಅಚ್ಚು ಹಾಕಿದ್ದು, ಕೆಳಗೆ ತಿಂಗಳಿಗೆ ಮೂವತ್ತೊಂದು ಚೌಕ. ದಿನಕ್ಕೊಂದು ಚೌಕದಲ್ಲಿ ಆಪರೇಟರ್ ಸಹಿ ಮಾಡಬೇಕು. ದಿನವೂ ಯಾರು ಮಾಡುತ್ತಾರೆ? ನನಗೆ ಕೆಲಸ ಕಲಿಸಿದ ಹಿರಿಯರು ಒಂದನೇ ತಾರೀಕೇ ಇಡೀ ತಿಂಗಳಿನದನ್ನು ಮುಗಿಸುತ್ತಿದ್ದರು. ಲಿವರ್ ಹಿಡಿಯುವ ಮೊದಲು ಅವರಿಂದ ನಾನು ಕಲಿತದ್ದು ಅದನ್ನೇ. ಹೀಗೆ ನನ್ನ ಒಂದು ತಿಂಗಳ ಮನಸ್ಸಿನ ಆರೋಗ್ಯ ಎರಡು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ಸೇಫ್ಟಿ ಆಫೀಸರ್ ಅದರ ಕೆಳಗೆ ತನ್ನ ಸಹಿ ಹಾಕುತ್ತಿದ್ದ. ಅವನಿಗೂ ಎರಡು ನಿಮಿಷ.

ಈಗ ಔಷಧಿ ಯಾಕೆ ಅಂತ. ಅಪ್ಪ ತೀರಿಹೋದ ಮೇಲೆ ನನಗೆ ಸಂಜೆ ನಾಲ್ಕರ ಹೊತ್ತಿಗೆ ಎದೆಯ ಮೇಲೆ ಯಾರೋ ಬಂದು ಕೂತ ಹಾಗೆ ಆಗುತ್ತಿತ್ತು. ದಿನವೂ ನಾಲ್ಕಕ್ಕೇ. ನೋವಲ್ಲ, ಬರೀ ಭಾರ. ಎರಡು ಗುಟುಕು ಔಷಧಿ ಕುಡಿದರೆ ಭಾರ ಅಲ್ಲೇ ಇರುತ್ತಿತ್ತು, ಆದರೆ ಅದು ಬೇರೆ ಯಾರದೋ ಎದೆಯ ಮೇಲಿದ್ದಂತೆ ಅನ್ನಿಸುತ್ತಿತ್ತು. ಇದಕ್ಕೆಲ್ಲ ಕಾರಣ ಯಾರು ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಮೊದಲನೆಯದಾಗಿ ನನ್ನ ಅಣ್ಣ. ಅಪ್ಪ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ನನಗೆ ಸುದ್ದಿ ಮುಟ್ಟಿದ್ದು ಸಂಜೆ ಆರಕ್ಕೆ, ಅದೂ ಮೇಸ್ತ್ರಿಯ ಬಾಯಿಂದ. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವತ್ತಿನಿಂದ ಅಣ್ಣನ ಜೊತೆ ಮಾತು ಬಿಟ್ಟೆ. ಎರಡನೆಯದಾಗಿ ಹೆಂಡತಿ, ಅವಳು 'ಹೋಗಲಿ ಬಿಡಿ, ಒಂದು ಸಲ ಮಾತಾಡಿ' ಎನ್ನುತ್ತಿದ್ದಳು. ಮೂರನೆಯದಾಗಿ ಕ್ಯಾಬಿನ್, ಅಷ್ಟು ಹೊತ್ತು ಒಬ್ಬನೇ ಕೂತರೆ ಯಾರ ತಲೆ ನೆಟ್ಟಗಿರುತ್ತದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಬೇರೆಯವರಿಗೆ ಹೇಳಲು ನಾನು ಧಾರಾಳವಾಗಿ ಬಳಸುತ್ತಿದ್ದೆ.

ಕೆಳಗಿನಿಂದ ನನಗೆ ಕೈಸನ್ನೆ ಮಾಡುತ್ತಿದ್ದವನು ನನ್ನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಈ ಕೆಲಸಕ್ಕೆ ಸೇರಿಸಿದ್ದು ನಾನೇ. ಲೋಡು ಎಲ್ಲಿ ಇಳಿಯಬೇಕೋ ಆ ಮಹಡಿಯಲ್ಲಿ ನಿಂತು, ಬಾ, ಇಳಿಸು, ಎಡಕ್ಕೆ, ನಿಲ್ಲಿಸು ಎಂದು ಕೈಯಲ್ಲೇ ಹೇಳುವವನು. ಸೈಟಿನವರು ಅವನಿಗೆ ಟ್ರಾಫಿಕ್ ಎಂದು ಹೆಸರಿಟ್ಟಿದ್ದರು. ವಾಕಿಟಾಕಿಯೂ ಇತ್ತು, ಅದರಲ್ಲಿ ಚಾರ್ಜ್ ಇರುತ್ತಿರಲಿಲ್ಲ. ನಮಗೆ ಬೇಕಾಗಿಯೂ ಇರಲಿಲ್ಲ. ಅವನ ಕೈ ಏನು ಹೇಳಿದರೂ ನನಗೆ ತಿಳಿಯುತ್ತದೆ ಎಂಬುದು ನನ್ನ ಜಂಬ.

ಆ ತಿಂಗಳ ಹತ್ತೊಂಬತ್ತು, ಮಂಗಳವಾರ, ಸಂಜೆ ನಾಲ್ಕೂಕಾಲು. ಒಂಬತ್ತನೇ ಮಹಡಿಗೆ ಪ್ಲೈವುಡ್ ಹಲಗೆಗಳ ಕಟ್ಟು ಇಳಿಸುತ್ತಿದ್ದೆ. ಟ್ರಾಫಿಕ್ ಬಲಗೈ ಎತ್ತಿ ನಿಲ್ಲಿಸು ಎಂದ. ನಾನು ನೋಡಿದೆ. ಚೆನ್ನಾಗಿಯೇ ನೋಡಿದೆ, ಅವನ ಹಳದಿ ಕೈಗವಸು ಸಹ ಕಂಡಿತು. ಕಂಡದ್ದು ಕೈಗೆ ತಲುಪುವಷ್ಟರಲ್ಲಿ ಹಲಗೆಯ ಕಟ್ಟು ಮುಂದೆ ಹೋಗಿ, ಎತ್ತಿದ್ದ ಅವನ ಕೈಯನ್ನು ಕಂಬದ ಕಂಬಿಗೆ ಒತ್ತಿ ನಿಂತಿತು. ಅವನ ಬಾಯಿ ತೆರೆದದ್ದು ಕಂಡಿತು, ಕೂಗು ನನಗೆ ಕೇಳಲಿಲ್ಲ. ಅಷ್ಟು ಎತ್ತರಕ್ಕೆ ಕೂಗು ಬರುವುದಿಲ್ಲ. ಏಣಿ ಇಳಿದು ಬರಲು ನನಗೆ ಹನ್ನೆರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮುಂಗೈಯಲ್ಲಿ ಎರಡು ಮೂಳೆ ಮುರಿದಿತ್ತು.

ಗುರುವಾರ ಅವನಿಗೆ ಆಫೀಸಿನಿಂದ ಕಾಗದ ಬಂತು. ಒಂಬತ್ತನೇ ಮಹಡಿಯ ಕ್ಯಾಮೆರಾದಲ್ಲಿ ಎಲ್ಲ ಸೆರೆಯಾಗಿತ್ತು. ಲೋಡು ಇನ್ನೂ ದೂರದಲ್ಲಿರುವಾಗಲೇ, ಬೇಕಾದದ್ದಕ್ಕಿಂತ ಮೂರು ಸೆಕೆಂಡು ಮೊದಲೇ, ಇವನು ನಿಲ್ಲಿಸು ಎಂದು ಕೈ ಎತ್ತಿದ್ದಾನೆ. ತಪ್ಪು ಸನ್ನೆಯಿಂದ ಆಪರೇಟರಿಗೆ ಗೊಂದಲವಾಗಿ ಅಪಘಾತ. ಶನಿವಾರ ವಿಚಾರಣೆ. ತಪ್ಪು ಸಾಬೀತಾದರೆ ಅವನ ಸಿಗ್ನಲ್‌ಮನ್ ಕಾರ್ಡು ರದ್ದು, ಮುಂದೆ ಯಾವ ಸೈಟಿನಲ್ಲೂ ಆ ಕೆಲಸ ಇಲ್ಲ.

ನಾನು ಆ ಕಾಗದ ಓದಿ ಏನು ಅಂದುಕೊಂಡೆ ಎಂದು ಮುಚ್ಚಿಡದೆ ಹೇಳುತ್ತೇನೆ. ಬದುಕಿದೆ ಅಂದುಕೊಂಡೆ. ಮರುಕ್ಷಣವೇ ಅವನ ಮೇಲೆ ಸಿಟ್ಟೂ ಬಂತು. ಮೂರು ಸೆಕೆಂಡು ಮೊದಲು ಯಾಕೆ ಎತ್ತಬೇಕಿತ್ತು? ಕೆಲಸಕ್ಕೆ ಸೇರಿಸಿದವನ ಮರ್ಯಾದೆಯಾದರೂ ಉಳಿಸಬೇಡವೇ?

ಅವತ್ತೇ ಅವನ ಮನೆಗೆ ಹೋದೆ. ಒಂದೇ ಕೋಣೆ, ಕಿಟಕಿಯ ಪಕ್ಕ ಮಂಚ, ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿಯಲ್ಲಿ ಬಿಳಿ ಪ್ಲಾಸ್ಟರಿನ ಕೈ. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ನಾನು ಹಾಕಲು ಹೋದರೆ ಹಿಂದೆ ಸರಿದ.

"ಅಲ್ಲಯ್ಯ, ಅಷ್ಟು ಬೇಗ ಯಾಕೆ ಕೈ ಎತ್ತಿದೆ?" ಎಂದೆ.

"ಅಭ್ಯಾಸ ಭಾವ."

"ಎಂಥಾ ಅಭ್ಯಾಸ?"

ಅವನು ಗುಂಡಿಯನ್ನು ಬಿಟ್ಟು ನನ್ನ ಕಡೆ ನೋಡಿದ. "ನಾಲ್ಕು ಗಂಟೆ ಆದ್ಮೇಲೆ ನೀವು ತಡ ಮಾಡ್ತೀರ. ಎಂಟು ತಿಂಗಳಿಂದ. ಮೊದ್ಲು ಒಂದು ಸೆಕೆಂಡು ಇತ್ತು, ಆಮೇಲೆ ಎರಡಾಯ್ತು. ಅದಕ್ಕೆ ನಾನು ಮುಂಚೇನೇ ಎತ್ತಿಬಿಡ್ತಿದ್ದೆ. ಸರಿಹೋಗ್ತಿತ್ತು. ಮಂಗಳವಾರ ಮೂರು ಎಣಿಸಿದೆ ಭಾವ. ಮೂರು ಸಾಕಾಗ್ಲಿಲ್ಲ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇಲ್ಲಿ ಹಾಲು ಕುಡಿಯುವಾಗ ಬೆಕ್ಕಿನ ಬಾಯಿ ಸುಡದ ಹಾಗೆ ಯಾರೋ ಪಕ್ಕದಲ್ಲಿ ನಿಂತು ಆರಿಸಿಕೊಡುತ್ತಿದ್ದರು.

"ಔಷಧಿ ವಿಷಯ..." ಎಂದೆ.

"ಗೊತ್ತು. ನೀವು ಕುಡಿದ ಬಾಟ್ಲಿನ ಕ್ಯಾಬಿನ್ ಸೀಟಿನ ಹಿಂದೆ ಇಡ್ತೀರ. ಗ್ರೀಸ್ ಹಾಕೋಕೆ ಬರೋನು ಇಳಿಸಿಕೊಂಡು ಬಂದು ನನ್ನ ಕೈಗೆ ಕೊಡ್ತಾನೆ. ನಾನು ಎಸೀತೀನಿ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಯಾರ ಮೇಲೆ ಗೂಬೆ ಕೂರಿಸ್ತಿದ್ರಿ ಅಂತ ಯೋಚನೆ ಮಾಡ್ದೆ. ಅಕ್ಕನ ಮೇಲೆ ಕೂರಿಸ್ತೀರ ಅನ್ನಿಸ್ತು. ಸುಮ್ನಾದೆ." ಪ್ಲಾಸ್ಟರಿನ ಕೈಯನ್ನು ಪಟ್ಟಿಯಲ್ಲಿ ಸರಿಮಾಡಿಕೊಂಡು, "ಶನಿವಾರ ನಾನು ನಿಮ್ಮ ಹೆಸರು ಎತ್ತಲ್ಲ ಭಾವ. ಆದ್ರೆ ನಾನು ತಪ್ಪು ಮಾಡಿದೆ ಅಂತಾನೂ ಹೇಳಲ್ಲ" ಎಂದ. ಮತ್ತೆ ಗುಂಡಿಯ ಕಡೆ ತಿರುಗಿದ.

ಮನೆಗೆ ಬಂದೆ. ಬಾಗಿಲಲ್ಲಿ ಕೆಮ್ಮಲು ಮರೆತೆ. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ಅವಳ ತಮ್ಮ ಏನೂ ಹೇಳಿರಲಿಲ್ಲ. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ಹೇಳಿದೆ ಎಂದರೆ, ಶುರು ಮಾಡಿದ್ದು ಅಣ್ಣನಿಂದ. ಅವನು ಸುದ್ದಿ ಮುಟ್ಟಿಸಲಿಲ್ಲ, ಅದರಿಂದ ಎದೆಭಾರ, ಅದರಿಂದ ಔಷಧಿ, ಅದರಿಂದ ತಡ. ಸರಪಳಿಯ ಹಾಗೆ ಜೋಡಿಸಿಟ್ಟೆ. ಅವಳು ಒಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ರೀ, ಅವತ್ತು ನಿಮ್ಮ ಫೋನು ಯಾಕೆ ಆಫ್ ಆಗಿತ್ತು?"

"ಕ್ಯಾಬಿನ್ನಲ್ಲಿ ಫೋನ್ ಆಫ್ ಮಾಡ್ಬೇಕು ಅಂತ ರೂಲ್ ಇದೆ."

"ಆ ರೂಲು ನೀವು ಬೇರೆ ಯಾವತ್ತು ಪಾಲಿಸಿದ್ರಿ? ಮೇಲಿಂದಾನೇ ದಿನಾ ಫೋನ್ ಮಾಡಿ, ಒಗೆದ ಬಟ್ಟೆ ಒಣಗಿತಾ ಅಂತ ಕೇಳ್ತಿದ್ರಲ್ಲ."

ಇದಕ್ಕೆ ನನ್ನ ಬಳಿ ಉತ್ತರ ಇತ್ತು. ಎರಡು ವರ್ಷದಿಂದ ಇತ್ತು, ಯಾರಿಗೂ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ಅಪ್ಪ ಫೋನ್ ಮಾಡಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದರು. ಈ ವಾರ ಆಗಲ್ಲ ಎಂದೆ. "ಬಿಡಪ್ಪಾ, ದೊಡ್ಡವನು ಕರ್ಕೊಂಡು ಹೋಗ್ತಾನೆ, ನಿನ್ನ ಕೈಲಿ ಏನಾಗತ್ತೆ" ಎಂದರು. ಅಷ್ಟೇ. ನನಗೆ ಉರಿಯಿತು. ಮತ್ತೆ ಮಾಡಿದರೆ ಸಿಗಬಾರದು, ಒಂದು ದಿನ ಗೊತ್ತಾಗಲಿ ಎಂದು ಫೋನ್ ಆಫ್ ಮಾಡಿದೆ. ಅಣ್ಣ ಹನ್ನೊಂದರಿಂದ ಹಿಡಿದು ಸಂಜೆಯವರೆಗೆ ಆಫ್ ಆದ ಫೋನಿಗೇ ಮಾಡುತ್ತಿದ್ದ, ಅವನ ಹತ್ತಿರ ಇದ್ದದ್ದು ಅದೊಂದೇ ನಂಬರು. ಸೈಟಿನ ಆಫೀಸಿನ ನಂಬರು ಹುಡುಕಿ ಹಿಡಿಯುವಷ್ಟರಲ್ಲಿ ಐದೂವರೆ. ಅಪ್ಪನಿಗೆ ಗೊತ್ತಾಗಲಿ ಎಂದು ಮಾಡಿದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ.

ಇದನ್ನು ಹೆಂಡತಿಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

"ನೀವು ದುಃಖ ಪಡಬಾರದು ಅಂತ ನಾನು ಯಾವತ್ತೂ ಅಂದಿಲ್ಲ," ಎಂದಳು. "ಆದ್ರೆ ನಿಮ್ಮ ದುಃಖಕ್ಕೆ ನನ್ನ ತಮ್ಮನ ಕೈ ಯಾಕೆ ಮುರೀಬೇಕು?"

ಟವೆಲ್ಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾಲ್ಕಲ್ಲ, ಆರು ಗಂಟೆಯಾಗಿತ್ತು. ಭಾರ ಹೊತ್ತುಗೊತ್ತು ನೋಡದೆ ಬಂದು ಕೂತಿತ್ತು.

ಶನಿವಾರ ವಿಚಾರಣೆ ನಡೆದದ್ದು ಸೈಟಿನ ಆಫೀಸು ಎಂಬ ತಗಡಿನ ಡಬ್ಬಿಯಲ್ಲಿ. ಒಂದು ಮೇಜು, ಆಚೆ ಸೇಫ್ಟಿ ಆಫೀಸರ್, ಈಚೆ ನಾನು ಮತ್ತು ಟ್ರಾಫಿಕ್, ಮೂವರ ಮೇಲೂ ಸಮನಾಗಿ ಬಿಸಿಗಾಳಿ ಬೀಸುವ ಒಂದು ಫ್ಯಾನು. ಆಫೀಸರಿಗೆ ಮಧ್ಯಾಹ್ನದೊಳಗೆ ಮುಗಿಸುವ ಅವಸರ. ಕ್ಯಾಮೆರಾದ ಚಿತ್ರ ತೋರಿಸಿದ. ಟ್ರಾಫಿಕ್ಕನ್ನು ಯಾಕೆ ಮೊದಲೇ ಎತ್ತಿದೆ ಎಂದು ಕೇಳಿದ. ಅವನು "ಎತ್ತಿದೆ ಸಾರ್" ಎಂದಷ್ಟೇ ಹೇಳಿದ.

"ಆಪರೇಟರ್ ಫಿಟ್ ಇದ್ರು ಅನ್ನೋಕೆ ದಾಖಲೆ ಇದೆ," ಎನ್ನುತ್ತಾ ಆಫೀಸರ್ ಗೋಡೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಹತ್ತೊಂಬತ್ತನೇ ತಾರೀಕು, ನೋಡಿ, ಸಹಿ ಇದೆ. ಮುಗೀತು."

"ಸಾರ್, ಇವತ್ತು ತಾರೀಕು ಎಷ್ಟು?" ಎಂದೆ.

"ಇಪ್ಪತ್ತಮೂರು."

"ಇಪ್ಪತ್ತೆಂಟನೇ ತಾರೀಕು ನಾನು ಹೇಗಿರ್ತೀನಿ ಅಂತ ನೋಡಿ."

ಅವನು ನೋಡಿದ. ಇಪ್ಪತ್ತೆಂಟಕ್ಕೆ ನಾನು ದೇಹದಿಂದಲೂ ಮನಸ್ಸಿನಿಂದಲೂ ಯೋಗ್ಯನಿದ್ದೆ. ಮೂವತ್ತೊಂದಕ್ಕೂ ಇದ್ದೆ. ಆ ತಿಂಗಳಿಗೆ ಇದ್ದದ್ದು ಮೂವತ್ತೇ ದಿನ. ಅದರ ಕೆಳಗೆ ಅವನ ಸಹಿಯೂ ಇತ್ತು. ಅವನು ಹಾಳೆಯನ್ನು ನಿಧಾನವಾಗಿ ಬೋರಲು ಹಾಕಿದ.

"ಇದನ್ನ ನಾನು ನೋಡಿಲ್ಲ," ಎಂದ.

"ನೋಡಿ ಸಾರ್. ಮಂಗಳವಾರ ನಾನು ಫಿಟ್ ಇರ್ಲಿಲ್ಲ. ಕೆಮ್ಮಿನ ಔಷಧಿ ಒಂದು ಬಾಟ್ಲಿ ಕುಡಿದಿದ್ದೆ. ದಿನಾ ಕುಡೀತೀನಿ. ಇವನು ಸರಿಯಾಗೇ ಕೈ ಎತ್ತಿದಾನೆ, ನಾನು ತಡ ಮಾಡ್ದೆ. ನಾನು ತಡ ಮಾಡ್ತೀನಿ ಅಂತ ಗೊತ್ತಿದ್ದೇ ಮುಂಚೆ ಎತ್ತಿದಾನೆ."

ಆಫೀಸರ್ ಪೆನ್ನು ತೆಗೆದು, ವಿಚಾರಣೆಯ ಹಾಳೆಯಲ್ಲಿ ಕಾರಣ ಎಂಬ ಕಡೆ ಬೆರಳಿಟ್ಟು, "ಯಾಕೆ ಕುಡೀತಿದ್ರಿ? ಬರೀಬೇಕು" ಎಂದ. ಅವನ ಮುಖದಲ್ಲಿ ಕನಿಕರವಿತ್ತು. ಆ ಕನಿಕರವೇ ನನ್ನನ್ನು ಕೆಡಿಸಿತು. ಅಪ್ಪ ಹೋದರು ಸಾರ್ ಎಂದೆ. ಬರೆದುಕೊಂಡ. ಅಣ್ಣ ಸಮಯಕ್ಕೆ ತಿಳಿಸಲಿಲ್ಲ ಎಂದೆ. ಮೊನ್ನೆ ಹೆಂಡತಿಯ ಮುಂದೆ ಒಪ್ಪಿಕೊಂಡವನು ಇವತ್ತು ಮತ್ತೆ ಅದನ್ನೇ ಅಂದೆ. ಅಷ್ಟು ರೂಢಿಯಾಗಿತ್ತು ಬಾಯಿಗೆ. ಬರೆದುಕೊಂಡ. ಕ್ಯಾಬಿನ್ನಿನಲ್ಲಿ ಹತ್ತು ಗಂಟೆ ಒಬ್ಬನೇ ಎಂದೆ. ಅದನ್ನೂ ಬರೆದುಕೊಂಡು, "ಮಾನಸಿಕ ಒತ್ತಡ, ಸರಿ ಸರಿ" ಎಂದು ತಲೆಯಾಡಿಸಿದ. ಪಕ್ಕದಲ್ಲಿ ಟ್ರಾಫಿಕ್ ನೆಲ ನೋಡುತ್ತಾ ಕೂತಿದ್ದ. ಅವನ ಅಂಗಿಯ ಗುಂಡಿ ಒಂದು ತೂತು ತಪ್ಪಿ ಹಾಕಿತ್ತು, ಕಾಲರ್ ಒಂದು ಕಡೆ ಎದ್ದಿತ್ತು.

"ಸಾರ್, ಅದನ್ನೆಲ್ಲ ಹೊಡೆದುಹಾಕಿ," ಎಂದೆ.

"ಯಾಕ್ರೀ? ಸುಳ್ಳಾ?"

"ಅಣ್ಣಂದು ಸುಳ್ಳು. ಉಳಿದದ್ದು ನಿಜಾನೇ. ಅಪ್ಪ ಹೋಗಿದ್ದು ನಿಜ, ಸಂಕಟ ಆಗಿದ್ದು ನಿಜ. ಆದ್ರೆ ಬಾಟ್ಲಿ ಮುಚ್ಚಳ ಅಪ್ಪ ತೆಗೀಲಿಲ್ಲ. ಕುಡಿದೋನು ನಾನು. ಕುಡಿದು ಮೇಲೆ ಹತ್ತಿದೋನು ನಾನು. ಇಷ್ಟು ಬರೀರಿ."

"ಪೆನ್ನಲ್ಲಿ ಬರೆದಿದೀನಿ ಕಣ್ರೀ, ಹೊಡೆದರೆ ಗಲೀಜಾಗತ್ತೆ."

"ಬೇರೆ ಹಾಳೆ ತಗೊಳ್ಳಿ."

ಅವನು ಬೇರೆ ಹಾಳೆ ತೆಗೆದುಕೊಂಡ. ಎರಡು ಸಾಲಿನಲ್ಲಿ ಮುಗಿಯಿತು. ನಾನು ಅವತ್ತಿನ ತಾರೀಕು ಹಾಕಿ ಸಹಿ ಮಾಡಿದೆ. ಹೊರಗೆ ಬಂದಾಗ ಟ್ರಾಫಿಕ್ ನನಗಿಂತ ಮುಂದೆ ನಡೆದು, ಗೇಟು ದಾಟಿ, ತಿರುಗಿ ನೋಡದೆ ಹೋದ.

ಮಾಡಿದ್ದುಣ್ಣೋ ಮಹಾರಾಯ. ನನ್ನ ಲೈಸೆನ್ಸ್ ಒಂದು ವರ್ಷಕ್ಕೆ ಹೋಯಿತು; ಆಮೇಲೂ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಕ್ರೇನ್ ಬಿಟ್ಟರೆ ಬೇರೆ ಕೆಲಸ ಬಾರದವನೆಂದು ಅದೇ ಸೈಟಿನ ಸ್ಟೋರಿನಲ್ಲಿ ಹೆಲ್ಮೆಟ್ಟು, ಕೈಗವಸು, ಹಗ್ಗ ಕೊಡುವ ಕೆಲಸಕ್ಕೆ ಹಾಕಿದರು. ಮೇಲಿನವರು ಕೆಳಗೆ ಬಂದರು ಎಂದು ಒಂದು ವಾರ ನಕ್ಕರು, ಆಮೇಲೆ ಅವರಿಗೇ ಬೇಸರವಾಯಿತು. ಸೇಫ್ಟಿ ಆಫೀಸರಿಗೂ ಮೇಲಿನಿಂದ ಒಂದು ಕಾಗದ ಬಂತು. ಈಗ ಸಹಿ ಹಾಳೆಯನ್ನು ಅವನು ದಿನಾ ಬೆಳಿಗ್ಗೆ ತಾನೇ ಹಿಡಿದುಕೊಂಡು ನಿಂತಿರುತ್ತಾನೆ. ನನ್ನನ್ನು ಕಂಡರೆ ಮಾತಾಡುವುದಿಲ್ಲ. ಟ್ರಾಫಿಕ್ಕಿನ ಕಾರ್ಡು ಉಳಿಯಿತು.

ಡಾಕ್ಟರ ಹತ್ತಿರ ನಾನೇ ಹೋದೆ. ಎಲ್ಲ ಕೇಳಿ, ಒಮ್ಮೆಲೇ ಬಿಡಬೇಡಿ ಎಂದು ಇಳಿಸುವ ಲೆಕ್ಕ ಬರೆದುಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಿ ಎಂದರು. ಮೊದಲ ಎರಡು ವಾರ ಬೆವರು, ನಡುಕ, ನಿದ್ದೆಯಿಲ್ಲ. ಮೂರನೇ ವಾರ ನನಗೆ ನಿಜವಾಗಿಯೂ ಕೆಮ್ಮು ಬಂತು. ಮನೆಯಲ್ಲಿ ಯಾರೂ ನಂಬಲಿಲ್ಲ. ಬಿಸಿನೀರು ಕುಡಿದು ವಾಸಿ ಮಾಡಿಕೊಂಡೆ. ಅಣ್ಣನಿಗೆ ಫೋನ್ ಮಾಡಿ ಫೋನ್ ಆಫ್ ಮಾಡಿದ್ದು ಯಾಕೆಂದು ಹೇಳಿದೆ. ಅವನು "ಎರಡು ವರ್ಷ ನೆಂಟರೆಲ್ಲ ನನ್ನನ್ನ ಕೇಳ್ತಿದ್ರು ಕಣೋ, ತಮ್ಮನಿಗೆ ಯಾಕೆ ತಿಳಿಸ್ಲಿಲ್ಲ ಅಂತ" ಎಂದು ಇಟ್ಟುಬಿಟ್ಟ. ಮುಂದಿನ ಭಾನುವಾರ ಮತ್ತೆ ಮಾಡಿದೆ. ತೆಗೆದ. ಮಳೆ ಬಿಸಿಲಿನ ಬಗ್ಗೆ ಮಾತಾಡಿದೆವು.

ನಾಲ್ಕು ಗಂಟೆಯ ಭಾರ ಹೋಗಿಲ್ಲ. ಈಗಲೂ ಬರುತ್ತದೆ. ಬಂದಾಗ ನಾನು ಸ್ಟೋರಿನ ಬೆಂಚಿನ ಮೇಲೆ ಕೂತು, ಅಪ್ಪ ಹೋದರು, ನಾನು ಫೋನ್ ಆಫ್ ಮಾಡಿದ್ದೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಅದರಿಂದ ಹಗುರವೇನೂ ಆಗುವುದಿಲ್ಲ. ಐದರ ಹೊತ್ತಿಗೆ ತಾನಾಗಿಯೇ ಎದ್ದು ಹೋಗುತ್ತದೆ.

ಮೂರು ತಿಂಗಳಾದ ಮೇಲೆ ಟ್ರಾಫಿಕ್ ಕೆಲಸಕ್ಕೆ ಬಂದ. ಕ್ರೇನಿನಲ್ಲಿ ಹೊಸ ಆಪರೇಟರ್, ಮೂವತ್ತು ದಾಟದ ಹೆಣ್ಣುಮಗಳು, ಚುರುಕು. ಟ್ರಾಫಿಕ್ ಬಂದ ಮೂರನೇ ದಿನ ಮಧ್ಯಾಹ್ನ ಕೈಗವಸು ಕೇಳಲು ಸ್ಟೋರಿಗೆ ಬಂದ. ಒಂದು ಜೊತೆ ಕೊಟ್ಟೆ. ಬಲಗೈಗೆ ಹಾಕಿಕೊಳ್ಳುವಾಗ ಮುಖ ಕಿವುಚಿದ. ನಾನು ಆಫೀಸರಿಗೆ ಹೇಳಿದ್ದೆ, ಹೆಂಡತಿಗೆ, ಡಾಕ್ಟರಿಗೆ, ಅಣ್ಣನಿಗೆ ಹೇಳಿದ್ದೆ. ಇವನಿಗೆ ಮಾತ್ರ ಹೇಳಿರಲಿಲ್ಲ.

"ತಪ್ಪಾಯ್ತು," ಎಂದೆ. "ನಿನ್ನ ಕೈ ಮುರಿದಿದ್ದು ನಾನು."

"ಹೂಂ."

"ನನ್ನ ಮೇಲೆ ಕೋಪ ಇದೆಯಾ?"

"ಇದೆ ಭಾವ."

"ಹೋಗೋಕೆ ನಾನೇನು ಮಾಡ್ಲಿ?"

ಅವನು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡ. "ಏನೂ ಮಾಡ್ಬೇಡಿ. ನನ್ನ ಕೋಪ ನಾನು ನೋಡ್ಕೋತೀನಿ. ನಿಮ್ದು ನೀವು ನೋಡ್ಕೊಳ್ಳಿ," ಎಂದು ಮೇಲೆ ಹೋದ.

ಅವತ್ತೇ ಸಂಜೆ, ನಾಲ್ಕು ಗಂಟೆ ದಾಟಿತ್ತು. ಸ್ಟೋರಿನ ಬಾಗಿಲಲ್ಲಿ ನಿಂತು ಮೇಲೆ ನೋಡಿದೆ. ಹದಿಮೂರನೇ ಮಹಡಿಯ ಅಂಚಿನಲ್ಲಿ ಅವನು ಸಣ್ಣಗೆ ಕಾಣುತ್ತಿದ್ದ. ಕಂಬಿಯ ಕಟ್ಟು ತೇಲಿ ಬರುತ್ತಿತ್ತು. ಇನ್ನೂ ದೂರವಿತ್ತು, ಹಳೆಯ ಅಭ್ಯಾಸದಂತೆ ಅವನ ಕೈ ಎದ್ದಿತು. ಲೋಡು ತಕ್ಷಣ ನಿಂತಿತು, ಎಲ್ಲೋ ಗಾಳಿಯ ನಡುವೆ, ಇಳಿಯಬೇಕಾದ ಜಾಗಕ್ಕೆ ಹತ್ತು ಅಡಿ ಈಚೆ. ಅವನು ಕೈ ಇಳಿಸಿದ. ಆ ಕೈಯನ್ನು ಒಂದು ಗಳಿಗೆ ನೋಡಿಕೊಂಡ. ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು, ಹಾಗೇ ಹಿಡಿದುಕೊಂಡೇ ಲೋಡನ್ನು ಬಾ ಎಂದು ಕರೆದ. ಬಂತು. ಬರುವಷ್ಟೂ ಬರಲು ಬಿಟ್ಟು, ನಿಲ್ಲಿಸು ಎಂದ. ನಿಂತಿತು.

ನನಗೆ ಅಳು ಬಂತು. ಬಾಗಿಲಲ್ಲೇ ನಿಂತು ಅತ್ತೆ. ಹಗ್ಗ ಕೇಳಲು ಬಂದ ವೆಲ್ಡರ್ ಸ್ವಲ್ಪ ಹೊತ್ತು ಕಾದ. ಆಮೇಲೆ ನನ್ನನ್ನು ಬಳಸಿಕೊಂಡು ಒಳಗೆ ಹೋಗಿ, ಬೇಕಾದ ಹಗ್ಗ ತಾನೇ ಆರಿಸಿಕೊಂಡು, ಹೆಗಲ ಮೇಲೆ ಹಾಕಿಕೊಂಡು ಹೋದ.